ಘಾಟು ನನ್ನದಲ್ಲ ಅಂದವಳು

"ಯಾರ್ರೀ ಇಲ್ಲಿ ಮೆಣಸಿನಕಾಯಿ ತಂದಾರ?"

ರಾಣೆಬೆನ್ನೂರಿನ ಆ ಬೀಜದ ಕಂಪನಿಯ ಹೊರಕೋಣೆಯಲ್ಲಿ ಸೆಕೆ ಅಂತ ಯಾರೋ ಫ್ಯಾನ್ ಹಾಕಿದ್ದೇ ತಪ್ಪಾಯಿತು. ಒಬ್ಬ ಸೀನಿದ. ಪಕ್ಕದವಳು ಕೆಮ್ಮಿದಳು. ನೋಡನೋಡುತ್ತಲೇ ಇಡೀ ಸಾಲು ಸೀನತೊಡಗಿತು! ಲೆಕ್ಕ ಬರೆಯುವ ಒಂದೇ ಒಂದು ಕೆಲಸಕ್ಕೆ ಕೋಣೆ ತುಂಬ ಜನ ಇಂಟರ್‌ವ್ಯೂಗೆ ಬಂದು ಕೂತಿದ್ದರು. ಮ್ಯಾನೇಜರ್ ಪ್ರಭುಲಿಂಗಪ್ಪ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ಕೆಂಡವಾಗಿದ್ದರು.

ಸಾಲಿನಲ್ಲಿ ಕೂತಿದ್ದ ಸುರೇಖಾ ಬಗ್ಗಿ ತನ್ನ ಬಟ್ಟೆ ನೋಡಿಕೊಂಡಳು.

ಘಾಟು ಅವಳದೇ ಚೂಡಿದಾರದ್ದು!

ಬ್ಯಾಡಗಿಯ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕೆಟ್ಟಿತ್ತು. ಗೆರೆ ಬೀಳಲಿ ಅಂತ ಚೂಡಿದಾರವನ್ನು ನೀಟಾಗಿ ಮಡಚಿ, ರಾತ್ರಿಯಿಡೀ ಮೆಣಸಿನಕಾಯಿ ಚೀಲದ ಕೆಳಗೆ ಇಟ್ಟಿದ್ದಳು. ಗೆರೆ ಚೆನ್ನಾಗಿಯೇ ಬಿದ್ದಿತ್ತು. ಘಾಟು ಮಾತ್ರ ಗೊತ್ತಾಗಿರಲಿಲ್ಲ. ದಿನವೂ ಅವ್ವನ ಜೊತೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವವಳ ಮೂಗಿಗೆ ಅದು ಹೇಗೆ ಗೊತ್ತಾಗಬೇಕು?

'ನಂದು ಅಂದರೆ ಮುಗೀತು... ಇಷ್ಟು ಓದಿದವಳು ಕೂಲಿ ಮಾಡುತ್ತಾಳೆ ಅಂತ ಎಲ್ಲರಿಗೂ ತಿಳಿಯುತ್ತದೆ...'

ಪಕ್ಕದಲ್ಲಿ ಕೂತಿದ್ದ ಹುಡುಗ ಅವಳ ಬೆವೆತ ಮುಖವನ್ನೂ ಕೆಂಪಾದ ಬೆರಳುಗಳನ್ನೂ ನೋಡಿದ. ತಾನು ಗುತ್ತಲದ ಸಿದ್ದಲಿಂಗೇಶ ಅಂತ ಹೇಳಿಕೊಂಡಿದ್ದ. ಆಗಷ್ಟೇ ತನ್ನ ಬಾಟಲಿಯ ನೀರು ಕೊಟ್ಟು, "ಅಂಜಬ್ಯಾಡ್ರಿ, ಒಳಗ ಕುಂತವ್ರೂ ಒಂದಿನ ಹಿಂಗ ಹೊರಗ ಕುಂತವ್ರಽ" ಅಂತ ಅವಳನ್ನು ನಗಿಸಿದ್ದ.

ಅವನು ಎದ್ದು ನಿಂತ.

"ನಂದ್ರಿ ಸರ. ಮೆಣಸಿನಕಾಯಿ ಗಾಡಿ ಹತ್ತಿ ಬಂದೇನಿ. ಹೊರಗ ಹೋಗಿ ಅಂಗಿ ಝಾಡಿಸ್ಕೊಂಡು ಬರ್ತೇನ್ರಿ."

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಪ್ರಭುಲಿಂಗಪ್ಪ ಸುರೇಖಾಳ ಕಡೆ ತಿರುಗಿದರು.

"ಖರೇ ಏನವ್ವಾ?"

"ಹೌದ್ರಿ... ಆಗಿಂದ ಇವರ ಕಡೀಂದ ಘಾಟ ಬರಾಕತ್ತೈತಿ. ಹೇಳಿದ್ರೂ ಕೇಳಲಿಲ್ರಿ."

ಹೇಳಿದ್ರೂ ಕೇಳಲಿಲ್ಲ! ಯಾರೂ ಕೇಳದ ಸುಳ್ಳನ್ನು ತಾನಾಗಿಯೇ ಮೇಲೆ ಸೇರಿಸಿದಳು. ಸುಮ್ಮನಿದ್ದಿದ್ದರೆ ಅಂಜುಬುರುಕಿ ಅನ್ನಬಹುದಿತ್ತು. ಇದಕ್ಕೆ ಏನನ್ನಬೇಕು?

"ನೌಕರಿ ಕೇಳಾಕ ಬರೋ ರೀತಿ ಏನೋ ಇದು? ನಡಿ ಹೊರಗ! ಮತ್ತ ಬರಬ್ಯಾಡ!"

ಸಿದ್ದಲಿಂಗೇಶ ಅವಳನ್ನೊಮ್ಮೆ ನೋಡಿದ. ಬೈಯಲಿಲ್ಲ. ಫೈಲು ಎತ್ತಿಕೊಂಡು ಹೋದ.

ಒಳಗೆ ಕರೆದಾಗ, "ಎಲ್ಲೆರ ಕೆಲಸ ಮಾಡೀಯೇನು?" ಅಂತ ಕೇಳಿದರು.

"ಇಲ್ರಿ, ಮನ್ಯಾಗ ಇರ್ತೇನಿ," ಅಂದಳು. ಒಂದು ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಏನು ಭಾರ?

ಮರುದಿನ ಫೋನ್ ಬಂತು. ಸೋಮವಾರ ಬಂದು ಕೆಲಸಕ್ಕೆ ಸೇರಿಕೊ!

ಅವ್ವ ಪ್ರೇಮವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. "ನನ್ನ ಮಗಳು ಇನ್ನ ಖುರ್ಚಿ ಮ್ಯಾಲ ಕುಂದ್ರತಾಳ!"

ಬಾಯಿಗೆ ಹಾಕಿಕೊಂಡ ಸಕ್ಕರೆ ಸುರೇಖಾಳಿಗೆ ನುಂಗಲಾಗಲಿಲ್ಲ. ನೀರು ಕೊಟ್ಟವನ ಮುಖಕ್ಕೇ ಮಸಿ ಬಳಿದೆನಲ್ಲ... ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ನೋಟ ಮಾತ್ರ ಬೆನ್ನು ಬಿಡಲಿಲ್ಲ.

ಅವ್ವನಿಗೆ ಹಾವೇರಿಗೆ ಹೋಗಿ ಬರುತ್ತೇನೆ ಅಂತ ಹೇಳಿ, ಅಲ್ಲಿಂದ ಗುತ್ತಲದ ಬಸ್ಸು ಹತ್ತಿದಳು. ಹೆಸರು ಹೇಳಿದ್ದೇ ತಡ, ಹಿಟ್ಟಿನ ಗಿರಣಿ ತೋರಿಸಿದರು.

ಗಿರಣಿ ಭರ್ರೋ ಅಂತ ಓಡುತ್ತಿತ್ತು. ಸಿದ್ದಲಿಂಗೇಶನ ತಲೆ, ರೆಪ್ಪೆಯೆಲ್ಲ ಬಿಳಿ ಹಿಟ್ಟು. ಜೋಳದ ಬುಟ್ಟಿ ಹಿಡಿದ ಹೆಂಗಸರ ಸಾಲು.

"ನಿಮ್ಮ ಜೋಡಿ ಮಾತಾಡೋದೈತ್ರಿ."

"ಏನು? ಕೇಳವಲ್ದು! ಜೋರಾಗಿ ಹೇಳ್ರಿ!"

ಅವಳು ಒದರಿದಳು. ಇನ್ನೂ ಜೋರಾಗಿ ಒದರಿದಳು.

ಕರೆಂಟು ಹೋಯಿತು.

"ಘಾಟು ನಂದಽ ಇತ್ತು! ನಿಮ್ಮ ಮ್ಯಾಲ ಸುಳ್ಳು ಹೇಳಿ ನೌಕರಿ ತಗೊಂಡೇನಿ!"

ಗಿರಣಿ ನಿಂತಿತ್ತು. ಅವಳ ದನಿ ಮಾತ್ರ ಓಣಿಯ ತನಕ ಹೋಯಿತು. ಸಾಲಿಗೆ ಸಾಲೇ ಅವಳತ್ತ ತಿರುಗಿತು. ಅಯ್ಯೋ... ಭೂಮಿ ಬಾಯಿ ಬಿಡಬಾರದೇ!

"ಯವ್ವಾ! ಹಿಟ್ಟ ಬೀಸಾಕ ಬಂದ್ರ ಸಿನಿಮಾ ನೋಡಿದಂಗಾತು," ಅಂದಳು ಮುದುಕಿ ಉಚ್ಚಂಗೆವ್ವ. "ಸಿದ್ದಾ, ಯಾರೋ ಈಕಿ?"

"ಆಯೀ, ನೀ ಸುಮ್ಮನಿರು." ಅವನು ಕೈ ಒರೆಸಿಕೊಂಡು ಕೆಳಗಿಳಿದ. "ನಿಮ್ಮ ಕೆಂಪ ಬೆರಳ ನೋಡೇ ನಾ ಎದ್ದು ನಿಂತೆ. ತಪ್ಪ ನಾನಽ ಹೊತ್ಕೊಂಡೆ, ಅದಕ್ಕ ಸಿಟ್ಟಿಲ್ಲ. 'ಹೇಳಿದ್ರೂ ಕೇಳಲಿಲ್ಲ' ಅಂದ್ರಲ್ಲ... ಅದು ಯಾಕ ಬೇಕಾಗಿತ್ರಿ?"

ಸುರೇಖಾ ಕೆಂಪು ಬೆರಳುಗಳನ್ನು ದುಪ್ಪಟ್ಟಾದಲ್ಲಿ ಮುಚ್ಚಿಕೊಂಡಳು.

"ಈಗ ಯಾಕ ಬಂದೀರಿ? ಹೋಗ್ಲಿ ಬಿಡ್ರಿ ಅಂತ ನಾ ಅಂದ್ರ, ಹಗುರಾಗಿ ನೌಕರಿಗೆ ಹೋಗಾಕೇನು?"

ಆ ಮಾತು ಕೆನ್ನೆಗೆ ಬಿದ್ದಂತಾಯಿತು. ಯಾಕೆಂದರೆ ಅದು ನಿಜವಾಗಿತ್ತು! ಹೇಳಬೇಕಾದ ಜಾಗ ಗುತ್ತಲವಲ್ಲ, ರಾಣೆಬೆನ್ನೂರು. ಅಲ್ಲಿ ಹೇಳಿದರೆ ನೌಕರಿ ಹೋಗುತ್ತದೆ. ಅದಕ್ಕೇ ಇಲ್ಲಿಗೆ ಬಂದಿದ್ದಳು.

"ಸೋಮವಾರ ಕಂಪನಿಗೆ ಬರ್ರಿ," ಅಂದಳು ಮೆಲ್ಲಗೆ. "ಅಲ್ಲೇ ಹೇಳ್ತೇನಿ."

ಸೋಮವಾರ ಹೇಳಿದಳು. ಬಾಗಿಲು ತೆರೆದಿತ್ತು, ಗುಮಾಸ್ತರೆಲ್ಲ ಕೇಳುತ್ತಿದ್ದರು, ಸಿದ್ದಲಿಂಗೇಶ ಹಿಂದೆಯೇ ನಿಂತಿದ್ದ. ಆದರೂ ಒಂದಕ್ಷರ ಬಿಡಲಿಲ್ಲ.

ಪ್ರಭುಲಿಂಗಪ್ಪ ಮೇಜು ಗುದ್ದಿದರು. "ನನ್ನೇನ ಹುಚ್ಚ ಅಂತ ಮಾಡೀರೇನು? ಒಬ್ಬಾವ ಮಾಡದ ತಪ್ಪ ಒಪ್ಕೊಂತಾನ, ಒಬ್ಬಾಕಿ ಮಾಡಿದ್ದು ಮುಚ್ಚತಾಳ! ಕುಂದ್ರಿ ಇಬ್ರೂ. ಇನ್ನೊಮ್ಮೆ ಕೇಳ್ತೇನಿ."

ಮತ್ತೆ ಅದೇ ಪ್ರಶ್ನೆ. ಎಲ್ಲೆರ ಕೆಲಸ ಮಾಡೀಯೇನು?

"ಬ್ಯಾಡಗ್ಯಾಗ ಮೆಣಸಿನಕಾಯಿ ಬಿಡಸ್ತೇನ್ರಿ. ಅಲ್ಲಿ ಹೆಣ್ಣಾಳುಗಳ ಹಾಜರಿ, ಚೀಲದ ತೂಕ ಎಲ್ಲಾ ನಾನಽ ಬರೀತೇನಿ."

ಅವರು ಪೆನ್ನು ಕೆಳಗಿಟ್ಟರು. "ನಮಗ ಬೇಕಾಗಿದ್ದೂ ಅದಽ. ಇದನ್ನ ಆವತ್ತ ಯಾಕ ಹೇಳಲಿಲ್ಲ ಹುಚ್ಚಿ? ದುಡಿಯೋದು ನಾಚಿಕಿ ಏನು? ಈಗ ಸುಳ್ಳ ಹೇಳಿದಾಕಿ ಕೈಯಾಗ ಲೆಕ್ಕ ಹೆಂಗ ಕೊಡ್ಲಿ?"

ಸಿದ್ದಲಿಂಗೇಶನನ್ನೂ ಕೇಳಿದರು. ಅವನೂ ಸುಳ್ಳು ಹೇಳಿದ್ದ, ಆದರೆ ತನ್ನ ಲಾಭಕ್ಕಲ್ಲ. ಕೆಲಸ ಅವನಿಗಾಯಿತು.

ಸುರೇಖಾ ತಲೆ ತಗ್ಗಿಸಿ ಹೊರಗೆ ನಡೆದಳು. ಇನ್ನು ಅವ್ವನಿಗೆ ಹೇಳಬೇಕು... ಸಕ್ಕರೆ ತಿಂದ ಓಣಿಗೆ ಹೇಳಬೇಕು...

"ನಿಂದ್ರರೀ!" ಅವನು ಓಡಿ ಬಂದ. "ನಿಮ್ಮ ನೌಕರಿ ನಾ ಕಸ್ಕೊಂಡಂಗಾತು."

"ಅದು ನಂದು ಎಲ್ಲಿತ್ರಿ ಕಸ್ಕೊಳ್ಳಾಕ?"

"ಮುಂದ ಏನ ಮಾಡ್ತೀರಿ?"

"ರವಿವಾರ ಹಾವೇರ್ಯಾಗ ಉದ್ಯೋಗ ಮೇಳಾ ಐತಿ. ಈ ಸಲ ಎಲ್ಲಾ ಖರೇ ಹೇಳ್ತೇನಿ. ಕೂಲಿ ಕೆಲಸಾನೂ."

"ನಾನೂ ಬರ್ಲೇನು?"

"ನಿಮಗ ನೌಕರಿ ಆತಲ್ರಿ!"

"ನೌಕರಿ ಸಲುವಾಗಿ ಅಲ್ಲ... ನಿಮ್ಮ ಸಲುವಾಗಿ." ಅವನ ಕಿವಿ ಕೆಂಪಾದವು. "ಅಷ್ಟು ಮಂದಿ ಮುಂದ ಒದರಿದ್ರಲ್ಲ, ಆವತ್ತಿಂದ ತಲ್ಯಾಗ ಬ್ಯಾರೆ ಏನೂ ಹೊಕ್ಕವಲ್ದು."

ಅವಳು ತಲೆ ಎತ್ತಲಿಲ್ಲ. "ನಾ ಕೆಟ್ಟಾಕಿ ಅನಸೂದಿಲ್ಲೇನು?"

"ಅನಿಸಿತ್ತು. ಸಿಟ್ಟ ಬಂದಿತ್ತು. ಇನ್ನೂ ಚೂರು ಐತಿ."

"ಅದು ಯಾವಾಗ ಹೋಗತೈತಿ?"

"ಗೊತ್ತಿಲ್ಲ. ನೀವು ಹತ್ರ ಇದ್ರ ಲಗೂ ಹೋಗಬಹುದು."

ಸುರೇಖಾ ಅತ್ತಳೋ ನಕ್ಕಳೋ, ಅವಳಿಗೇ ತಿಳಿಯಲಿಲ್ಲ. ದುಪ್ಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡು, ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು.

"ಹಂಗಾರ ರವಿವಾರ ಬರ್ರಿ... ಸಿಟ್ಟನ್ನೂ ಕರ್ಕೊಂಡು ಬರ್ರಿ."