ಅಟ್ಟದಲ್ಲಿ ನೀರಿನ ಸದ್ದು

ಅಲುಗಾಡಿದರೆ ಸತ್ತೆ!

ಅಟ್ಟದ ಮೇಲೆ ಬೋರಲಾಗಿ ಬಿದ್ದಿದ್ದೆ. ಸುತ್ತ ಇಪ್ಪತ್ತು ಸಾವಿರ ತೆಂಗಿನಕಾಯಿ. ಹನ್ನೊಂದು ತಿಂಗಳು ಒಣಗಿ, ಒಳಗೆ ಕೊಬ್ಬರಿ ಗಿಟಕು ಕಳಚಿಕೊಂಡ ಕಾಯಿ. ಒಂದಕ್ಕೆ ಮೊಣಕೈ ತಗುಲಿದರೆ ಸಾಕು... ಗಡಗಡ!

ಕೆಳಗೆ ಪರಮಶಿವಯ್ಯ. ತಿಪಟೂರಿನ ಕೊಬ್ಬರಿ ವ್ಯಾಪಾರಿ. ಪಕ್ಕದಲ್ಲಿ ಮಗ ಉಜ್ವಲ್. ಅವನ ಕೈಯಲ್ಲಿ ಮಚ್ಚು.

ನಾನು ಚಿತ್ತೇಶ. ಕಳೆದುಹೋದದ್ದನ್ನು ಹುಡುಕಿ ತರುವುದು ನನ್ನ ಕಸುಬು. ಬೈಕು, ಬಂಗಾರ, ಒಮ್ಮೆ ಮದುವೆಯ ಹಿಂದಿನ ದಿನ ಓಡಿಹೋದ ಗಂಡು. ಈ ಸಲ ಕಿರುಬೆರಳಷ್ಟು ಗಾಜಿನ ಕೊಳವೆ.

ಅದರೊಳಗೆ ಲಡಾಖಿನ ಹಿಮದ ಮಣ್ಣಿನಿಂದ ತಂದ ಬ್ಯಾಕ್ಟೀರಿಯಾ. ಹಂದನಕೆರೆಯ ವಿಜ್ಞಾನಿ ಭಾನುಪ್ರಿಯಾ ಮೇಡಂ ನಾಲ್ಕು ವರ್ಷ ಸಾಕಿದ್ದು. ಉಳಿದದ್ದು ಇದೊಂದೇ.

ನಿನ್ನೆ ಅವರು ಹೇಳಿದ್ದರು. "ಕೊರೆಯೋ ಚಳೀಲೂ ಬಾರ್ಲಿ ಬೇರಿಗೆ ಮಣ್ಣಲ್ಲಿರೋ ರಂಜಕ ಬಿಡಿಸಿ ಕೊಡೋದು ಇವೇ ಕಣ್ರೀ ಚಿತ್ತೇಶ್. ಅಲ್ಲಿನ ರೈತರಿಗೆ ಬೆಟ್ಟದ ಮೇಲಕ್ಕೆ ಗೊಬ್ಬರದ ಮೂಟೆ ಹೊರೋದು ತಪ್ಪುತ್ತೆ. ಆದ್ರೆ ಬಿಸಿ ತಡೆಯಲ್ಲ. ಕೊಳವೆ ಮೇಲಿನ ನೀಲಿ ಪಟ್ಟಿ ಕೆಂಪಾದ್ರೆ ಮುಗೀತು."

"ಮತ್ತೆ ಪರಮಶಿವಯ್ಯ ಯಾಕೆ ಕದ್ರು?"

"ತೆಂಗಿಗೆ ಹಾಕಕ್ಕೆ! ಹಿಮಾಲಯದ ಮಾಲು ಅಂದ್ರೆ ಇಲ್ಲೂ ಪವಾಡ ಮಾಡ್ತದೆ ಅಂದ್ಕೊಂಡವ್ರೆ."

ಇವತ್ತು ಪರಮಶಿವಯ್ಯನವರ ಮನೆಯ ಫ್ರಿಡ್ಜಿನಿಂದಲೇ ಕೊಳವೆ ಎತ್ತಿ, ಅವರ ಐಸನ್ನೇ ಟಿಫಿನ್ ಡಬ್ಬಿಗೆ ತುಂಬಿ, ಅದರಲ್ಲಿ ಹುದುಗಿಸಿದೆ. ಹೊರಡುವಷ್ಟರಲ್ಲಿ ಕಾರು ಬಂತು. ಪಕ್ಕದ ಕೊಬ್ಬರಿ ಮನೆಗೆ ನುಗ್ಗಿ, ಕಂಬ ಹಿಡಿದು ಅಟ್ಟ ಹತ್ತಿದೆ.

ಅಪ್ಪ ಮಗ ಅಲ್ಲಿಗೇ ಬಂದು ಕೆಳಗೆ ಮಾತಿಗೆ ಕೂತರು. ಅದಾಗಿ ಒಂದೂವರೆ ಗಂಟೆ. ಮಟಮಟ ಮಧ್ಯಾಹ್ನ. ಹೆಂಚು ಕಾದು ಬೆನ್ನು ಸುಡುತ್ತಿದೆ. ಐಸ್ ಪೂರಾ ಕರಗಿದೆ. ನೀರು ಮಾತ್ರ ಇನ್ನೂ ತಣ್ಣಗಿದೆ.

ಬೆವರಿದ ಕೈಯಲ್ಲಿ ಡಬ್ಬಿ ವಾಲಿತು.

ಗುಳುಕ್!

ಕೆಳಗೆ ಮಾತು ನಿಂತಿತು.

"ಲೇ ಉಜ್ವಲ್... ನೀರಿನ ಸದ್ದು."

"ಇಲಿ ಕಣಪ್ಪ, ಬುಡು."

"ಇಲಿ ಓಡಿದ್ರೆ ಗಿಟಕು ಗಡಗಡ ಅಂತೈತೆ. ನೀರು ಯಾಕಾಡ್ತೈತೆ? ನಲವತ್ತು ವರ್ಷ ಕಾಯಿ ಅಲ್ಲಾಡ್ಸಿ ಕೇಳಿರೋ ಕಿವಿ ಕಣ್ಲಾ ಇದು. ಏಣಿ ತಾ!"

ಡಬ್ಬಿಯನ್ನು ಗಟ್ಟಿಯಾಗಿ ಹಿಡಿದಷ್ಟೂ ನಡುಕ ಜಾಸ್ತಿ. ಗುಳುಕ್... ಗುಳುಕ್...

ನೀರು ಇದ್ದರೆ ನಾನು ಸಾಯುತ್ತೇನೆ. ಹೋದರೆ ಕೊಳವೆಯೊಳಗಿನವು ಸಾಯುತ್ತವೆ.

ಚೆಲ್ಲುವ ಹಾಗೂ ಇಲ್ಲ. ಅಟ್ಟಕ್ಕೆ ಹಾಸಿದ ದಬ್ಬೆಗಳ ಸಂದಿನಿಂದ ನೇರ ಅವರ ತಲೆಯ ಮೇಲೇ!

ನೀವೇ ಹೇಳಿ, ಏನು ಮಾಡುತ್ತಿದ್ದಿರಿ? ದೊಡ್ಡ ಮಾತು ಬೇಡ. ಮಚ್ಚು ನೋಡಿಕೊಂಡು ಹೇಳಿ.

ಮುಚ್ಚಳ ತೆಗೆದೆ. ಕುಡಿದೆ. ಒಂದು ಹನಿ ಬಿಡದೆ.

ಸದ್ದು ನಿಂತಿತು.

"ನೋಡಪ್ಪ, ಏನೂ ಇಲ್ಲ," ಎಂದ ಉಜ್ವಲ್.

ಪರಮಶಿವಯ್ಯ ನಕ್ಕರು.

"ಕಾಯಿ ನೀರು ಹೀರಕ್ಕೆ ಹನ್ನೊಂದು ತಿಂಗ್ಳು ಬೇಕು ಕಣ್ಲಾ ದಡ್ಡ. ಇದ್ಯಾವ ತಳಿ, ಒಂದೇ ನಿಮಿಷಕ್ಕೆ ಹೀರ್ಕೊಂತು? ಹತ್ತು!"

ಮಚ್ಚಿನ ತುದಿ ಅಟ್ಟದ ಅಂಚಿನಲ್ಲಿ ಕಂಡಿತು. ಆಮೇಲೆ ಉಜ್ವಲನ ಕಣ್ಣು.

ಕಾಯಿ ಜಾರದಂತೆ ಅಂಚಿಗೆ ಕಟ್ಟಿದ್ದ ಬಿದಿರಿಗೆ ಎರಡೂ ಕಾಲಿನಿಂದ ಒದ್ದೆ!

ಕಾಯಿಗಳು ಧಬಧಬ ಸುರಿದವು. ಏಣಿ ಉರುಳಿತು. "ಅಯ್ಯಯ್ಯೋ ಕಾಲು!" ಯಾರ ಕಾಲೋ, ವಿಚಾರಿಸಲು ನಿಲ್ಲಲಿಲ್ಲ. ಡಬ್ಬಿ ಅವುಚಿಕೊಂಡು ಕಾಯಿಗಳ ಜೊತೆಯೇ ಬಿದ್ದೆ, ಎದ್ದೆ, ತೋಟದೊಳಗೆ ಓಡಿದೆ. ಹಿಂದಿನಿಂದ ಮಚ್ಚು ಹಾರಿ ಬಂತು. ತೆಂಗಿನ ಬುಡಕ್ಕೆ ನಾಟಿತು. ಕಿವಿಯಿಂದ ಒಂದೇ ಗೇಣು!

ತೋಟದಾಚೆ ನಿಲ್ಲಿಸಿದ್ದ ಬೈಕ್ ಹತ್ತಿದವನು ಸಂಪಿಗೆ ಊರು ದಾಟುವವರೆಗೆ ತಿರುಗಿ ನೋಡಲಿಲ್ಲ. ರಸ್ತೆ ಬದಿ ನಿಲ್ಲಿಸಿ ಡಬ್ಬಿಯಿಂದ ಕೊಳವೆ ತೆಗೆದೆ.

ಪಟ್ಟಿ ಕುಂಕುಮದಷ್ಟು ಕೆಂಪು.

ಫೋನ್ ಬಡಿದುಕೊಂಡಿತು. ಭಾನುಪ್ರಿಯಾ ಮೇಡಂ.

"ಸಿಕ್ತಾ?"

"ಸಿಕ್ತು."

"ಜೀವಂತ ಇದಾವಾ?"

ಸುಳ್ಳು ಹೇಳುವುದೂ ನನ್ನ ಕಸುಬಿನ ಭಾಗವೇ. ಆದರೆ ನಾಲಗೆ ಏಳಲಿಲ್ಲ.

"ಇಲ್ಲ ಮೇಡಂ... ಅಟ್ಟದ ಮೇಲೆ ಒಬ್ರಿಗೆ ಆಗೋಷ್ಟೇ ತಣ್ಣೀರಿತ್ತು. ನಾನು ಕುಡಿದ್ಬುಟ್ಟೆ."