ಫೋಟೊಕ್ಕೆ ಅಡ್ಡ ಬಂದ ಕಲ್ಲು

ಅಮಾವಾಸ್ಯೆಯ ಮಧ್ಯಾಹ್ನ ಫೋಟೊಗ್ರಾಫರ್ ದುರ್ಗೇಶ್ ತಲೆಗೆ ಟವೆಲ್ ಒತ್ತಿಕೊಂಡು ಬಳ್ಳಾರಿಯ ಠಾಣೆಗೆ ಬಂದ. ಅವನ ಊರು ಕುರುಗೋಡು. ಖಾಲಿ ಸೈಟುಗಳ ಫೋಟೊ ತೆಗೆದು ದಲ್ಲಾಳಿಗಳಿಗೆ ಕೊಡುವುದು ಕೆಲಸ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಮುಚ್ಚಿ, ಮಂದಿ ಗುಳೆ ಹೋಗಿ, ಓಣಿಗಳೇ ನೆಲಸಮವಾದ ಮೇಲೆ ಅವನಿಗೆ ಕೆಲಸಕ್ಕೇನೂ ಬರವಿರಲಿಲ್ಲ.

"ಯಾರೋ ಹಿಂದಿಂದ ಹೊಡೆದು ಕ್ಯಾಮೆರಾ ಕಿತ್ಕೊಂಡು ಓಡಿಹೋದ್ರು ಮೇಡಂ."

ಇನ್ಸ್‌ಪೆಕ್ಟರ್ ಸಂಘಮಿತ್ರಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಯರ್ರಿಸ್ವಾಮಿಯೊಂದಿಗೆ ದುರ್ಗೇಶನನ್ನೂ ಕರೆದುಕೊಂಡು ಅವನು ಫೋಟೊ ತೆಗೆಯುತ್ತಿದ್ದ ಸೈಟಿಗೆ ಹೋದರು. ಪಂಚನಾಮೆಗೆ ಪಂಚರಾಗಲು ಆ ಓಣಿಯಲ್ಲಿ ಮನುಷ್ಯರಾದರೂ ಉಳಿದಿರಬೇಕಲ್ಲ. ಕೊನೆಗೆ ಚಹಾದಂಗಡಿಯ ಸುಂಕಮ್ಮನನ್ನು ಕರೆಸಿದರು. ಮುರುಕು ಗೋಡೆಯಾಚೆ ಯರ್ರಿಸ್ವಾಮಿಗೆ ಕುಂಕುಮ ಹಚ್ಚಿದ ಗುಂಡುಕಲ್ಲೊಂದು ಸಿಕ್ಕಿತು. ಅದರ ಮೇಲೆ ಹಳೇ ಹಾಲಿನ ಕಲೆ.

"ಇದು ಎಲ್ಲಿತ್ತು?" ಸಂಘಮಿತ್ರಾ ಕೇಳಿದರು.

"ಸೈಟಿನ್ಯಾಗ," ಅಂದ ದುರ್ಗೇಶ್. "ಒಂದು ಫೋಟೊ ತೆಗೆದೆ, ಅಡ್ಡ ಬಂತು. ಕುಂಕುಮದ ಕಲ್ಲು ಕಂಡ್ರ ಯಾರು ಸೈಟು ತಗೊಂತಾರ? ಕಿತ್ತು ಒಗದು, ಟ್ರ್ಯಾಕ್ಟರ್ ಬ್ಲೇಡ್ ಹೊಡೆಸಿ ನೆಲ ಸಪಾಟ ಮಾಡಿ ಇನ್ನೊಂದು ತೆಗೆದೆ."

"ಯಾವ ಜಾಗದಿಂದ ಕಿತ್ತಿ?"

ಸಪಾಟಾದ ನೆಲದ ಮೇಲೆ ದುರ್ಗೇಶ್ ಆ ಕಡೆ ಈ ಕಡೆ ಓಡಾಡಿ ನೋಡಿದ. ಅವನಿಗೇ ಗೊತ್ತಾಗಲಿಲ್ಲ.

ಸುಂಕಮ್ಮ ಕಲ್ಲಿನ ಕಡೆ ಕೈ ತೋರಿಸಿದಳು. "ಹಂಪಯ್ಯನ ಕಲ್ಲು ಅದು. ಇಲ್ಲೇ ಬಾಡಿಗಿಗಿದ್ದ. ಈಗ ಸಿರುಗುಪ್ಪದ ರೈಸ್‌ಮಿಲ್ಲಿನ್ಯಾಗ ಅದಾನ. ಅಮಾಸಿಗೊಮ್ಮೆ ಬಂದು ಹಾಲು ಹಾಕ್ತಾನ. ಇವತ್ತು ಸಲಿಕಿ ಹಿಡ್ಕೊಂಡು ಬಂದಿದ್ದ."

ಮರುದಿನ ಬೆಳಿಗ್ಗೆ ಸಿರುಗುಪ್ಪದಲ್ಲಿ ಹಂಪಯ್ಯನನ್ನು ಬಂಧಿಸಿದರು. ಅವನು ಓಡಲೂ ಇಲ್ಲ, ಸುಳ್ಳೂ ಹೇಳಲಿಲ್ಲ.

"ಯಾಕ ಹೊಡದಿ?"

"ನನ್ನ ಕೂಸು ಐತ್ರಿ ಅಲ್ಲಿ. ಹೆಸರಿಡೋಕಿಂತ ಮುಂಚೇನ ಹೋತು. ಹಸುಗೂಸನ್ನ ಹಿತ್ತಲದಾಗ ಮಣ್ಣು ಮಾಡೋದು ನಮ್ಮ ಪದ್ಧತಿ. ಮನಿ ಕೆಡವಿದ್ರು, ಸುಮ್ಮನಿದ್ದೆ. ಸೈಟು ಮಾರ್ತಾರಂತ ಗೊತ್ತಾತು. ಅಗದು ನಮ್ಮೂರಿಗೆ ಒಯ್ಯಬೇಕಂತ ಹೋದ್ರ, ಗುರುತಿಗಿಟ್ಟ ಕಲ್ಲೇ ಇಲ್ಲ. ಅವ ಸಪಾಟ ನೆಲದ ಫೋಟೊ ತೆಗೀತಿದ್ದ. ಸಿಟ್ಟು ತಡೀಲಿಲ್ರಿ."

"ಕ್ಯಾಮೆರಾ?"

"ಕಾಲುವಿಗೆ ಒಗದೆ. ಖಾಲಿ ಜಾಗ ಅಂತ ಆ ಫೋಟೊ ಯಾರಿಗೂ ತೋರಿಸಬಾರದಂತ."

ಸಂಘಮಿತ್ರಾ ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. "ಮೊದಲನೇ ಫೋಟೊದಾಗ ಕಲ್ಲಿತ್ತಪ್ಪ. ಅದಿದ್ದಿದ್ರ ಜಾಗ ಗುರುತು ಸಿಗತಿತ್ತು."

ಯರ್ರಿಸ್ವಾಮಿ ಹಂಪಯ್ಯನಿಗೆ ಚಹಾ ತರಿಸಿಕೊಟ್ಟ. ಅದು ಆರಿ ಕೆನೆಗಟ್ಟಿತು.

ಕಾಲುವೆಯಲ್ಲಿ ನೀರು ರಭಸವಾಗಿತ್ತು. ದಿನವಿಡೀ ಹುಡುಕಿದರೂ ಕ್ಯಾಮೆರಾ ಸಿಗಲಿಲ್ಲ. ಕೋರ್ಟಿಗೆ ಕರೆದೊಯ್ಯುವಾಗ ಹಂಪಯ್ಯ ಒಂದೇ ಮಾತು ಕೇಳಿದ.

"ಆ ಕಲ್ಲಾದ್ರೂ ಕೊಡ್ತೀರೇನ್ರಿ?"

"ಕೇಸು ಮುಗಿಯೋತನಕ ಅದು ಠಾಣೆದಾಗ ಇರಬೇಕಪ್ಪ," ಅಂದ ಯರ್ರಿಸ್ವಾಮಿ, ಮುಖ ಬೇರೆ ಕಡೆ ಮಾಡಿ.