ಡಾಕ್ಟ್ರಮ್ಮನ ಕಾರು ಕುಡಿದ ನೀರು

"ತುಂಬ್ಸಿದ್ದೆ ಅಪ್ಪಾ! ಕತ್ತಿನ ತನಕ ತುಂಬ್ಸಿದ್ದೆ!"

"ತುಂಬ್ಸಿದ್ರೆ ಎಲ್ಲೋಯ್ತು? ಬಾಗಲೂರು ರೋಡಲ್ಲಿ ಮತ್ತೆ ಬುಸುಬುಸು ಅಂತ ಆವಿ. ಡಾಕ್ಟ್ರಮ್ಮ ಬಿಸ್ಲಲ್ಲಿ ಒಂದು ಮೈಲಿ ನಡೆದ್ರು, ಗೊತ್ತಾ?"

ಅಪ್ಪ ಮುನಿಯಲ್ಲಪ್ಪ ಕೂಗಿದ್ದಕ್ಕೆ ಬೇಲಿ ಮೇಲಿದ್ದ ಕಾಗೆ ಹಾರಿಹೋಯಿತು. ದ್ರೌಪದಿ ಖಾಲಿ ಚೊಂಬನ್ನು ಎದೆಗೊತ್ತಿಕೊಂಡು ನಿಂತಳು.

ಮುನಿಯಲ್ಲಪ್ಪ ಯಲಹಂಕದ ಡಾಕ್ಟ್ರಮ್ಮ ಲಕ್ಷ್ಮಿದೇವಮ್ಮನವರ ಡ್ರೈವರ್. ಅವರ ಕಪ್ಪು ಕಾರು ಹತ್ತು ವರ್ಷದ ದ್ರೌಪದಿಗಿಂತ ಮೂರು ವರ್ಷ ದೊಡ್ಡದು. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ಕಷ್ಟವಾದರೂ ಅದೇ ಕಾರು ಹೋಗಬೇಕು. ದಿನಾ ಬೆಳಗ್ಗೆ ಅಪ್ಪ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತೆಗೆದು, ಗಾಜು ಒರೆಸಲು ಹೋಗುತ್ತಿದ್ದ. ನೀರು ತುಂಬುವುದು ದ್ರೌಪದಿಯ ಕೆಲಸ.

ಮೊದಲೆಲ್ಲ ಅರ್ಧ ಚೊಂಬು ಸಾಕಾಗುತ್ತಿತ್ತು. ಈಗ ಹದಿನೈದು ದಿನದಿಂದ ಮೂರು ಚೊಂಬು ಸುರಿದರೂ ಸಂಜೆಗೆ ಖಾಲಿ. ಯಶವಂತಪುರದ ಖುದ್ದೂಸ್ ಮೇಸ್ತ್ರಿ ರೇಡಿಯೇಟರಿಗೆ ಎರಡು ಸಲ ಬೆಸುಗೆ ಹಾಕಿದರೂ ಅಷ್ಟೇ.

"ಇನ್ನೊಂದು ಸಲ ನಿಂತ್ರೆ ಮಾರಿಬಿಡ್ತೀನಿ ಮುನಿಯಲ್ಲಪ್ಪ," ಎಂದಿದ್ದರು ಡಾಕ್ಟ್ರಮ್ಮ.

ಕಾರೇ ಇಲ್ಲದಿದ್ದರೆ ಡ್ರೈವರ್ ಯಾಕೆ? ಅದು ದ್ರೌಪದಿಗೂ ಗೊತ್ತಿತ್ತು.

ಯಾರಿಗೂ ಹೇಳದ ಇನ್ನೊಂದು ವಿಷಯವೂ ಅವಳಿಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ, ಸೋಮವಾರ, ಸ್ಕೂಲಿಗೆ ಲೇಟಾಗಿತ್ತು. ಒಂದು ತೊಟ್ಟೂ ನೀರು ಹಾಕದೆ ಮುಚ್ಚಳ ತಿರುಗಿಸಿ ಓಡಿಹೋಗಿದ್ದಳು. ಈ ಕಾಟ ಶುರುವಾದದ್ದು ಆವತ್ತಿನಿಂದಲೇ.

ಆದರೆ ಆಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ಹಾಗಾದರೆ ಅಷ್ಟು ನೀರು ಹೋಗುವುದಾದರೂ ಎಲ್ಲಿಗೆ?

ಆ ಸಂಜೆ ದ್ರೌಪದಿ ಕಾರಿನ ಕೆಳಗೆ ಹಳೇ ಪೇಪರ್ ಹಾಸಿದಳು. ಬೆಳಗ್ಗೆ ನೋಡಿದರೆ ಪೇಪರ್ ಹಪ್ಪಳದ ಹಾಗೆ ಒಣಗಿತ್ತು. ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿದಳು. ಅಲ್ಲೂ ಒದ್ದೆಯಿಲ್ಲ.

ಅಪ್ಪ ಇಂಜಿನ್ ಸ್ಟಾರ್ಟ್ ಮಾಡಿದ. ಹಿಂದಿನ ಸೈಲೆನ್ಸರಿನಿಂದ ಬೆಳ್ಳಗೆ ಹೊಗೆ ಬಂತು. ಹೊಗೆಯೋ, ಆವಿಯೋ? ದ್ರೌಪದಿ ಬ್ಯಾಗಿನಿಂದ ಸ್ಲೇಟು ತೆಗೆದು ಅದಕ್ಕೆ ಅಡ್ಡ ಹಿಡಿದಳು. ಸ್ಲೇಟಿನ ಮೇಲೆ ಹನಿಗಳು ಕೂತವು. ಒರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಿಡಿದಳು. ಬೆಳಗಿನ ತಂಪಿಗೆ ಬರುವ ಆವಿಯಾದರೆ ಇಂಜಿನ್ ಕಾದ ಮೇಲೆ ನಿಲ್ಲಬೇಕಿತ್ತು. ಆಗಲೂ ಅಷ್ಟೇ ಹನಿ!

"ಅಪ್ಪಾ, ನೀರು ಸೈಲೆನ್ಸರಿಂದ ಹೋಗ್ತಿದೆ!"

"ಏ ಹುಚ್ಚಿ, ನೀರಿರೋದು ಮುಂದೆ. ಸೈಲೆನ್ಸರ್ ಇರೋದು ಹಿಂದೆ."

ಬೈದನೇನೋ ನಿಜ. ಆದರೆ ಸ್ಲೇಟನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದ. ಭಾನುವಾರ ಯಶವಂತಪುರಕ್ಕೆ ಹೊರಟಾಗ, "ನೀನೂ ಹತ್ತು," ಎಂದ.

ಖುದ್ದೂಸ್ ಮೇಸ್ತ್ರಿ ಸ್ಲೇಟಿನ ಕತೆ ಕೇಳಿ ನಗಲಿಲ್ಲ. ಇಂಜಿನ್ನಿಗೆ ಚುಚ್ಚಿದ್ದ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದರು.

"ನೋಡು ಬೇಟಿ, ಯಾವ ಬಣ್ಣ?"

"ಹಾಲು ಹಾಕಿದ ಕಾಫಿ!"

"ಎಣ್ಣೆ ಕಪ್ಪಗಿರ್‍ಬೇಕು. ಇದಕ್ಕೆ ನೀರು ಸೇರಿದೆ. ತಡಿ, ಇಂಜಿನ್ ತಣ್ಣಗಾಗ್ಲಿ."

ಒಂದು ಗಂಟೆ ಕಾದರು. ಆಮೇಲೆ ಮೇಸ್ತ್ರಿ ಮುಚ್ಚಳ ತೆಗೆದು, ರೇಡಿಯೇಟರಿನ ಬಾಯಿವರೆಗೆ ನೀರು ತುಂಬಿ, "ಸ್ಟಾರ್ಟ್ ಮಾಡಿ," ಎಂದರು. ಅನ್ನ ಕುದಿಯುವ ಹಾಗೆ ಗುಳುಗುಳು ಗುಳ್ಳೆಗಳು ಎದ್ದವು.

"ಕುದೀತಿದೆ!"

"ಎಲ್ಲಿ ಕುದೀತಿದೆ?" ಮೇಸ್ತ್ರಿ ನೀರಿಗೆ ಬೆರಳದ್ದಿ ಅವಳ ಕೆನ್ನೆಗೆ ಒತ್ತಿದರು. ತಣ್ಣಗಿತ್ತು!

"ಇಂಜಿನ್ ಒಳಗೆ ಬೆಂಕಿ ಇರೋ ರೂಮು, ನೀರು ಇರೋ ರೂಮು ಅಕ್ಕಪಕ್ಕ. ಮಧ್ಯೆ ಗ್ಯಾಸ್ಕೆಟ್ ಅಂತ ಒಂದು ತೆಳ್ಳನೆ ತಗಡು. ಅದು ಸುಟ್ಟಿದೆ. ಅಲ್ಲಿಂದ ಗಾಳಿ ಇಲ್ಲಿಗೆ ಬರುತ್ತೆ, ಇಲ್ಲಿಂದ ನೀರು ಅಲ್ಲಿಗೆ ಹೋಗುತ್ತೆ. ನಾನು ಸುಮ್ನೆ ರೇಡಿಯೇಟರಿಗೆ ಬೆಸುಗೆ ಹಾಕ್ತಾ ಕೂತಿದ್ದೆ!"

ಮಧ್ಯಾಹ್ನ ಇಂಜಿನ್ನಿನ ಮೇಲ್ಭಾಗ ಬಿಚ್ಚಿ ಗ್ಯಾಸ್ಕೆಟ್ ಹೊರತೆಗೆದರು. ಎರಡು ತೂತುಗಳ ನಡುವೆ ಬೆರಳಗಲ ಕರಿಕಾಗಿತ್ತು.

"ಇದು ಯಾಕೆ ಸುಡುತ್ತೆ?" ದ್ರೌಪದಿಯ ದನಿ ಸಣ್ಣಗಾಯಿತು.

"ನೀರಿಲ್ದೆ ಓಡಿಸಿದ್ರೆ ಸುಡುತ್ತೆ. ಹೊಸದು ಹಾಕಿದ್ರೆ ಇನ್ನೂ ಬೇಕಾದಷ್ಟು ವರ್ಷ ಓಡುತ್ತೆ ಬಿಡು." ಮೇಸ್ತ್ರಿ ಸ್ಪ್ಯಾನರ್ ತರಲು ಒಳಗೆ ಹೋದರು.

ದ್ರೌಪದಿ ನೆಲ ನೋಡುತ್ತಾ ಹೇಳಿದಳು. "ಅಪ್ಪಾ, ಆ ಸೋಮವಾರ ನಾನು ನೀರು ಹಾಕ್ಲೇ ಇಲ್ಲ."

ಅಪ್ಪ ಕೂಗಲಿಲ್ಲ. ಬಟ್ಟೆ ಚೂರಿನಿಂದ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಂಗೆ ಹೆಬ್ಬಾಳದ ಹತ್ರಾನೇ ಗೊತ್ತಾಯ್ತು ಕಣವ್ವ. ಬಿಸಿ ತೋರ್ಸೋ ಮೀಟರ್ ಮುಳ್ಳು ಕೊನೆ ಮುಟ್ಟಿತ್ತು. ಹಿಂದಿನ ಸೀಟಲ್ಲಿ ಬಾಗಲೂರಿನ ಮುನಿಗಂಗಮ್ಮ ನೋವು ತಿಂತಿದ್ಳು. ದೊಡ್ಡಾಸ್ಪತ್ರೆಗೆ ಕರ್ಕೊಂಡೋಗು ಅಂತ ಡಾಕ್ಟ್ರಮ್ಮ ಕಳ್ಸಿದ್ರು. ನಿಲ್ಸಿ ನೀರು ಹುಡುಕ್ತಾ ಕೂರೋಕಾಗ್ತಿತ್ತಾ? ಹಂಗೇ ಓಡಿಸ್ದೆ."

"ಪಾಪು?"

"ಹೆಣ್ಣು. ಗುಂಡುಗುಂಡಾಗಿದೆ." ಅಪ್ಪನ ಮುಖದಲ್ಲಿ ನಗು ಬಂದು ಹೋಯಿತು. "ನೀರಿಲ್ದೆ ಓಡಿಸಿದ್ದನ್ನ ಮಾತ್ರ ಡಾಕ್ಟ್ರಮ್ಮಂಗೆ ಹೇಳ್ಲಿಲ್ಲ. ನಿನ್ ಮೇಲೆ ಕೂಗಾಡ್ದೆ."

ಮೂರು ದಿನದ ಮೇಲೆ ಕಾರು ರಿಪೇರಿಯಾಗಿ ಬಂತು. ಹೆಬ್ಬಾಳದ ಏರು ಹತ್ತಿದರೂ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ಡಾಕ್ಟ್ರಮ್ಮನ ಗೇಟಿನ ಮುಂದೆ ಅಪ್ಪ ಇಂಜಿನ್ ಆಫ್ ಮಾಡಿದ. ಕೆಳಗಿಳಿಯಲಿಲ್ಲ.

"ಮೊದ್ಲು ಯಾರು ಹೇಳೋದು?" ಎಂದು ಕೇಳಿದ.

ಪಕ್ಕದ ಸೀಟಿನಲ್ಲಿದ್ದ ದ್ರೌಪದಿ ತಿರುಗಿ ನೋಡಿದಳು. ಅಪ್ಪ ಶರ್ಟಿನ ಗುಂಡಿಯನ್ನು ಹಾಕುತ್ತಿದ್ದ, ಬಿಚ್ಚುತ್ತಿದ್ದ. ಹೆಡ್‌ಮೇಷ್ಟ್ರ ರೂಮಿನ ಮುಂದೆ ಅವಳೂ ಲಂಗದ ಅಂಚನ್ನು ಹೀಗೇ ತಿರುಚುತ್ತಿದ್ದಳು. ಅಷ್ಟು ದಿನ ಅಪ್ಪ ಅಷ್ಟು ಜೋರಾಗಿ ಕೂಗಿದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು.

"ನಾನು ಹೇಳ್ತೀನಿ, ಬಾ ಅಪ್ಪ," ಎಂದಳು.

ಡಾಕ್ಟ್ರಮ್ಮ ಇಬ್ಬರ ಮಾತನ್ನೂ ನಿಂತೇ ಕೇಳಿದರು. ಗೇಟಿನಾಚೆ ನಿಂತಿದ್ದ ಕಾರನ್ನು ಒಮ್ಮೆ ನೋಡಿದರು.

"ನಾಳೆ ಬೆಳಗ್ಗೆ ಆರಕ್ಕೆ ಬಾಗಲಗುಂಟೆಗೆ ಹೋಗ್ಬೇಕು," ಎಂದರು. "ಕಾರು ಬರುತ್ತಾ?"

"ಬರುತ್ತಮ್ಮ," ಎಂದ ಅಪ್ಪ.

ದ್ರೌಪದಿ ಅರ್ಧ ಹೆಜ್ಜೆ ಸರಿದು ಅವನ ಪಕ್ಕಕ್ಕೆ ಅಂಟಿಕೊಂಡು ನಿಂತಳು.